ಬಾಯಿ ತುಂಬ ಮೊಳೆ

ಮಾತು ಬಲ್ಲವರಿಗೆ ಜಗಳವಿಲ್ಲ ಎನ್ನುತ್ತಾರೆ. ಕುಶನ್ ಅಂಗಡಿಯ ಸೊಸೆಯ ಮಟ್ಟಿಗೆ ಈ ಗಾದೆಯ ಹೊಲಿಗೆ ಬಿಚ್ಚಿ ತುಸು ಬೇರೆಯಾಗಿ ಹೊಲಿಯಬೇಕು: ಮಾತಾಡಲಾಗದವರಿಗೆ ಜಗಳವಿಲ್ಲ. ಬೆಳಿಗ್ಗೆ ಷಟರ್ ಎತ್ತಿ, ತೋಳು ಮಡಚಿ, ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಎಸೆದುಕೊಂಡಳೆಂದರೆ ಊಟದ ಹೊತ್ತಿನವರೆಗೆ ಅವಳದು ಮೌನವ್ರತ. ಇದು ಹಟವಲ್ಲ, ಕಸುಬು. ಸೋಫಾಕ್ಕೆ ಬಟ್ಟೆ ಹೊದಿಸುವಾಗ ಎಡಗೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ ಇರಬೇಕು. ಮೊಳೆ ಹಿಡಿಯಲು ದೇವರು ಮೂರನೆಯ ಕೈ ಕೊಟ್ಟಿಲ್ಲವಾದ್ದರಿಂದ ಬಾಯಿಯೇ ಗತಿ. ನಾಲಿಗೆ ಒಂದೊಂದೇ ಮೊಳೆಯನ್ನು ತಲೆ ಮುಂದಾಗಿ ತುಟಿಗೆ ತಂದು ನಿಲ್ಲಿಸುತ್ತದೆ, ಅಯಸ್ಕಾಂತದ ಮೂತಿಯ ಸುತ್ತಿಗೆ ಮುತ್ತಿಟ್ಟಂತೆ ಅದನ್ನು ಎತ್ತಿಕೊಳ್ಳುತ್ತದೆ, ಟಕ್. ಮತ್ತೊಂದು ಮುತ್ತು, ಮತ್ತೊಂದು ಟಕ್.

ಈ ವಿದ್ಯೆಯನ್ನು ಅವಳಿಗೆ ಕಲಿಸಿದವರು ತೀರಿಹೋದ ಮಾವ. ಮೊದಲು ಮಗನಿಗೇ ಕಲಿಸಲು ನೋಡಿದ್ದರು. ಅವನು ಆರಂಭದಲ್ಲೇ ಒಂದು ಮೊಳೆ ನುಂಗಿ, ಆಸ್ಪತ್ರೆಯಿಂದ ನೇರವಾಗಿ ಹೋಗಿ ಬಸ್ ಡ್ರೈವರ್ ಆಗಿಬಿಟ್ಟ. ಸೀಟು ಮಾಡುವುದಕ್ಕಿಂತ ಸೀಟಿನಲ್ಲಿ ಕೂರುವುದೇ ಕ್ಷೇಮ ಎಂಬುದು ಅವನ ಅನುಭವಸಾರ.

ಸೊಸೆಯ ಬಾಯಿ ಹೀಗೆ ಮೊಳೆಗೆ ಮೀಸಲಾದ್ದರಿಂದ ಅಂಗಡಿಯ ಮಾತಿನ ಖಾತೆ ಪೂರ್ತಿ ಅತ್ತೆಯ ವಶದಲ್ಲಿತ್ತು. ಅವರು ಮೂಲೆಯ ಮೋಟು ಸ್ಟೂಲಿನ ಮೇಲೆ ಕೂತು, ಹಳೆಯ ಸೋಫಾಗಳಿಂದ ಕಿತ್ತ ನಾರನ್ನೂ ಹತ್ತಿಯನ್ನೂ ಹಿಂಜುತ್ತ, ಜೊತೆಗೆ ಊರಿನ ಸಮಾಚಾರವನ್ನೂ ಹಿಂಜುತ್ತಿದ್ದರು. ಸೊಸೆ ಒಪ್ಪಿದರೆ "ಹ್ಞೂಂ", ಒಪ್ಪದಿದ್ದರೆ "ಉಹ್ಞೂಂ", ಬೆರಗಾದರೆ "ಹ್ಞಾಂ?" ಇಷ್ಟು ಶಬ್ದಕೋಶದಲ್ಲೇ ಅತ್ತೆ ಸೊಸೆಯರ ಸಂಸಾರ ವರ್ಷಗಟ್ಟಲೆ ಸುಸೂತ್ರವಾಗಿ ನಡೆದಿತ್ತು.

ಅತ್ತೆಗೆ ಇನ್ನೊಂದು ವಿದ್ಯೆಯೂ ಸಿದ್ಧಿಸಿತ್ತು. ಕೆಲವರು ಅಂಗೈ ನೋಡಿ ಹೇಳುತ್ತಾರೆ. ಅತ್ತೆ ಸೋಫಾ ನೋಡಿ ಹೇಳುತ್ತಿದ್ದರು.

"ನೋಡೇ, ಈ ತುದಿ ಕುಸಿದು ನೆಲ ಕಂಡಿದೆ, ಆ ತುದಿ ಅಂಗಡಿಯಿಂದ ತಂದ ಹಾಗೇ ಇದೆ. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ."

"ಹ್ಞೂಂ."

"ಇದರ ಕೈ ತುಂಬ ಉಗುರಿನ ಗೀರು. ಮಗ ಪರೀಕ್ಷೆ ಬರೆದು ಆರಾಮಾಗಿ ಮಲಗಿದ್ದಾನೆ, ತಾಯಿ ರಿಸಲ್ಟಿಗೆ ಕೂತಿದ್ದಾಳೆ."

"ಹ್ಞಾಂ?"

"ಮತ್ತೆ? ಬೆಕ್ಕು ಇಷ್ಟು ಚಿಂತೆ ಮಾಡಲ್ಲ ಕಣೇ."

ಆದರೆ ಈ ಭವಿಷ್ಯವಾಣಿ, ಅಥವಾ ಭೂತವಾಣಿ, ಷಟರಿನಿಂದ ಆಚೆ ಹೋಗುವಂತಿರಲಿಲ್ಲ. ಮಾವ ಇದ್ದಾಗಲೇ ಹಾಕಿದ ಕಟ್ಟಳೆ ಅದು. ಸೋಫಾ ಬಿಚ್ಚಿದಾಗ ಒಳಗೆ ಸಿಕ್ಕಿದ್ದೆಲ್ಲ (ಬಾಚಣಿಗೆ, ಚಮಚ, ಒಂಟಿ ಓಲೆ, ಒಮ್ಮೆ ಒಂದು ಪೂರ್ತಿ ಹಲ್ಲುಸೆಟ್ಟು) ಒಂದು ತಗಡಿನ ತಟ್ಟೆಗೆ ಬೀಳಬೇಕು. ಸೋಫಾದ ಜೊತೆಗೆ ಅದೂ ಯಜಮಾನರಿಗೆ ಮರಳಬೇಕು. ಅದರ ಬಗ್ಗೆ ಒಂದು ಮಾತು ಆಡಬಾರದು. "ಸೋಫಾ ಎಲ್ಲಾನೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಅದರ ಹೊಟ್ಟೆ ಬಿಚ್ಚೋರು ನಾವೂ ಹಾಕ್ಕೊಬೇಕು" ಎನ್ನುತ್ತಿದ್ದರು ಮಾವ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಹಿರಿಯರು ಹೆದರಿಸಿದ್ದಾರೆ. ಊರೆಲ್ಲ ಕೂತಷ್ಟೂ ಇವರಿಗೆ ಊಟ. ಊರು ಈಗಲೂ ಕೂರುತ್ತಿತ್ತು, ಮೊದಲಿಗಿಂತ ಹೆಚ್ಚೇ ಕೂರುತ್ತಿತ್ತು. ಆದರೆ ಸೋಫಾ ಹರಿದರೆ ಹೊಲಿಸುವ ಬದಲು ಬೀದಿಗೆಸೆದು, ಕಂತಿನಲ್ಲಿ ಹೊಸದು ತರುತ್ತಿತ್ತು. ಅಂಗಡಿಯಲ್ಲಿ ಅತ್ತೆಯ ಬಳಿ ಹಿಂಜಲು ಹತ್ತಿಗಿಂತ ಮಾತೇ ಹೆಚ್ಚಾಯಿತು. ಗಂಡ ಒಂದು ಸಂಜೆ, "ಷಟರ್ ಎಳೆದುಬಿಡೋಣ, ಟಯರ್ ಗೋಡೌನಿಗೆ ಯಾರೋ ಕೇಳ್ತಿದ್ದಾರೆ" ಎಂದು ಮೆಲ್ಲಗೆ ಹೇಳಿದ. ಸೊಸೆ ಅಂದು ಬಾಯಲ್ಲಿ ಮೊಳೆಯಿಲ್ಲದಿದ್ದರೂ ಮಾತಾಡಲಿಲ್ಲ.

ಉಳಿದ ಆಸೆ ಒಂದೇ: ಊರಿನ ಹಳೆಯ ಥಿಯೇಟರು. ಅದರ ಸೀಟುಗಳೆಲ್ಲ ಹರಿದು, ಸ್ಪ್ರಿಂಗುಗಳು ಪ್ರೇಕ್ಷಕರನ್ನು ಕೆಳಗಿನಿಂದ ವಿಚಾರಿಸಿಕೊಳ್ಳುತ್ತಿದ್ದವು. ಒಡತಿ ವಯಸ್ಸಾದ ಹೆಂಗಸು. ಊರೇ ಆಕೆಯನ್ನು ದೊಡ್ಡಮ್ಮ ಎನ್ನುತ್ತಿತ್ತು. ಸೀಟು ರಿಪೇರಿ ಮಾಡಿಸುವುದೋ, ಕಿತ್ತೆಸೆದು ಪ್ಲಾಸ್ಟಿಕ್ ಕುರ್ಚಿ ಹಾಕುವುದೋ ಎಂಬ ತೀರ್ಮಾನವನ್ನು ಆಕೆ ಮ್ಯಾನೇಜರಿಗೆ ಬಿಟ್ಟಿದ್ದರು. ಮ್ಯಾನೇಜರ್ ಪ್ಲಾಸ್ಟಿಕ್ ಪಕ್ಷ. ಪೈಪು ಹಿಡಿದು ತೊಳೆಯಬಹುದು ಎಂಬುದು ಅವರ ವಾದ. ಆ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ, ಸಿಗದಿದ್ದರೆ ಟಯರು. ಸೊಸೆಗೆ ಇದು ಬಾಯಲ್ಲಿದ್ದ ಮೊಳೆಯಷ್ಟೇ ಸ್ಪಷ್ಟವಾಗಿತ್ತು.

ಇಲ್ಲಿ ನಾದಿನಿಯ ಪ್ರವೇಶ. ಅವಳು ಮೊಬೈಲ್ ಅಂಗಡಿಯಲ್ಲಿ ಸೇಲ್ಸ್ ಹುಡುಗಿ. ಜಗತ್ತಿನ ಎಲ್ಲ ರೋಗಕ್ಕೂ ಫೋನಿನಲ್ಲಿ ಮದ್ದಿದೆ ಎಂದು ನಂಬಿದವಳು.

"ಅತ್ತಿಗೆ, ಕೆಲಸ ಬಲ್ಲೋರು ಯಾರೂ ಮೂಲೇಲಿ ಕೂತಿಲ್ಲ ಈಗ. ಎಲ್ಲ ವಿಡಿಯೋದಲ್ಲಿ ಕೂತಿದ್ದಾರೆ. ಒಂದು ಪೇಜ್ ಮಾಡೋಣ."

'ಸುಖಾಸನ' ಎಂದು ಪೇಜು ಆಯಿತು. ಮೊದಲ ವಿಡಿಯೋದಲ್ಲಿ ಸೊಸೆ ಮದುವೆಗೆ ಹೊರಟವಳಂತೆ ಸಿಂಗರಿಸಿಕೊಂಡು, ಕೈಕಟ್ಟಿ, "ಆತ್ಮೀಯ ವೀಕ್ಷಕರೇ" ಎಂದು ಶುರು ಮಾಡಿ, ಸ್ಪಂಜಿನ ವಿಧಗಳ ಬಗ್ಗೆ ಭಾಷಣ ಬಿಗಿದಳು. ನೋಡಿದವರೆಲ್ಲ ನೆಂಟರು. ಅದರಲ್ಲೂ ಕೊನೆಯವರೆಗೆ ನೋಡಿದವಳು ನಾದಿನಿ ಒಬ್ಬಳೇ, ಅದೂ ಅಪ್‌ಲೋಡ್ ಆಯಿತೋ ಇಲ್ಲವೋ ಎಂದು ಪರೀಕ್ಷಿಸಲು.

"ಅತ್ತಿಗೆ, ಬೇಜಾರಾಗಬೇಡ. ನೀನು ಮಾತಾಡಿದ್ರೆ ಟಿವಿಯಲ್ಲಿ ಹವಾಮಾನ ಹೇಳಿದ ಹಾಗಿರುತ್ತೆ. ಫೋನ್ ಸ್ಟ್ಯಾಂಡಿಗೆ ಸಿಕ್ಕಿಸ್ತೀನಿ, ನೀನು ನಿನ್ನ ಪಾಡಿಗೆ ಮೊಳೆ ಹೊಡಿ."

ಹೊಡೆದಳು. ಆ ವಿಡಿಯೋ ಮಾರನೆಯ ದಿನ ಊರು ಸುತ್ತಿ, ಪಕ್ಕದೂರು ಸುತ್ತಿ, ಬಸ್ಸಿನ ಪ್ರಯಾಣಿಕರ ಫೋನಿನಿಂದ ಗಂಡನ ಕಿವಿಗೂ ಬಿತ್ತು. ಅವನು ಬ್ರೇಕ್ ಹಾಕಿ ತಿರುಗಿ ನೋಡಿದನಂತೆ, "ಇದು ನಮ್ಮಮ್ಮನ ದನಿಯಲ್ವಾ?" ಎಂದು.

ಹೌದು. ಜನ ನೋಡಿದ್ದು ಸೊಸೆಯನ್ನಾದರೂ ಕೇಳಿದ್ದು ಅತ್ತೆಯನ್ನು. ಚೌಕಟ್ಟಿನ ಆಚೆ ಕೂತ ಅತ್ತೆ ಯಾವುದೋ ಸೋಫಾದ ಜಾತಕ ಬಿಚ್ಚುವುದು, ಚೌಕಟ್ಟಿನ ಒಳಗೆ ಬಾಯಿ ತುಂಬ ಮೊಳೆ ತುಂಬಿಕೊಂಡ ಸೊಸೆ "ಹ್ಞೂಂ", "ಉಹ್ಞೂಂ" ಎನ್ನುತ್ತ ಹುಬ್ಬು ಕುಣಿಸುವುದು. 'ಆ ಎರಡನೇ ಉಹ್ಞೂಂ ನನ್ನ ಇಡೀ ದಾಂಪತ್ಯ' ಎಂದು ಒಬ್ಬಳು ಬರೆದಳು. 'ನಮ್ಮತ್ತೆಗೂ ಮೊಳೆ ತಿನ್ನಿಸೋದು ಹೇಗೆ?' ಎಂದು ಇನ್ನೊಬ್ಬಳು ವಿಚಾರಿಸಿದಳು. ಅದಕ್ಕೆ ಅವಳತ್ತೆಯೇ ಕೆಳಗೆ ಉತ್ತರ ಕೊಟ್ಟಿದ್ದರು.

ಗಿರಾಕಿಯ ಹೆಸರು ಬಂದ ಕಡೆ ನಾದಿನಿ ಕತ್ತರಿ ಆಡಿಸಿಯೇ ಹಾಕುತ್ತಿದ್ದಳು, ಹಾಗಾಗಿ ಮಾವನ ಕಟ್ಟಳೆಗೆ ಧಕ್ಕೆಯಿರಲಿಲ್ಲ. ತೊಡಕು ಒಂದೇ: ಅತ್ತೆಗೆ ಈ ವಿಷಯವೇ ಗೊತ್ತಿರಲಿಲ್ಲ. ಫೋನು ಸ್ಟ್ಯಾಂಡಿನ ಮೇಲೆ ನಿಂತದ್ದು ಚಾರ್ಜಿಗೆ ಎಂದೇ ಅವರ ನಂಬಿಕೆ. "ಹೇಳಿಬಿಡೋಣ" ಎಂದು ಸೊಸೆ ಪ್ರತಿದಿನ ಅಂದುಕೊಳ್ಳುವಳು. "ಹೇಳಿದ್ರೆ ಅಮ್ಮನೂ 'ಆತ್ಮೀಯ ವೀಕ್ಷಕರೇ' ಅಂತ ಶುರು ಮಾಡ್ತಾಳೆ, ಪೇಜು ಮುಚ್ಚುತ್ತೆ" ಎಂದು ನಾದಿನಿ ತಡೆಯುವಳು.

ಹಿಂಬಾಲಕರು ಹೆಚ್ಚಿದರು, ಮುಂಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ. ಲೈಕು ಸಿಕ್ಕಿತು, ಲಾಯಕ್ಕಾದ ಕೆಲಸ ಸಿಗಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ, ಅತ್ತೆ ಊಟ ಮುಗಿಸಿ ಮನೆಯಲ್ಲಿ ಮಲಗಿದ್ದಾಗ, ಅಂಗಡಿಯೆದುರು ಟೆಂಪೋ ನಿಂತಿತು. ಮೇಲೆ ಒಂದು ಉದ್ದನೆಯ ಸೋಫಾ. ಮುಂದೆ, ಡ್ರೈವರ್ ಪಕ್ಕದಲ್ಲಿ, ಮೀಸೆಗೆ ಹೊಸದಾಗಿ ಕಪ್ಪು ಹಚ್ಚಿದ ಥಿಯೇಟರ್ ಮ್ಯಾನೇಜರ್.

"ನೋಡಮ್ಮ, ನಿಮ್ಮ ವಿಡಿಯೋ ದೊಡ್ಡಮ್ಮ ನೋಡಿದ್ದಾರೆ. ನೋಡ್ತಾನೇ ಇದ್ದಾರೆ, ಬೇರೆ ಕೆಲಸಾನೇ ಮಾಡ್ತಿಲ್ಲ. ಪ್ಲಾಸ್ಟಿಕ್ಕಿಗೆ ಆರ್ಡರ್ ಕೊಡೋ ಮೊದಲು ನಿಮಗೊಂದು ಅವಕಾಶ ಕೊಡು ಅಂದಿದ್ದಾರೆ. ಇದು ನಮ್ಮನೆ ಸೋಫಾ. ಮಾಡಿ ತೋರಿಸಿ. ಕೂತು ನೋಡ್ತೀನಿ. ಆಮೇಲೆ ಥಿಯೇಟರ್ ಮಾತು."

ಸೊಸೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದೇ ಸೋಫಾ ಬಿಚ್ಚಿದಳು, ಸ್ಪ್ರಿಂಗುಗಳನ್ನು ಹೊಸದಾಗಿ ಕಟ್ಟಿದಳು, ಗೋಣಿಬಟ್ಟೆ ಹೊದಿಸಿದಳು, ಅದರ ಮೇಲೆ ನಾರು, ನಾರಿನ ಮೇಲೆ ಹತ್ತಿ. ಒಳಗೆ ಸಿಕ್ಕಿದ್ದನ್ನು ನೋಡಿಯೂ ನೋಡದಂತೆ ತಟ್ಟೆಗೆ ಹಾಕಿ ಪಕ್ಕಕ್ಕಿಟ್ಟಳು. ಮೇಲುಬಟ್ಟೆ ಹೊದಿಸುವ ದಿನ ನಾದಿನಿ ಹಾರಿಕೊಂಡು ಬಂದಳು.

"ಅತ್ತಿಗೆ, ಇವತ್ತು ಲೈವ್ ಮಾಡೋಣ. ದೊಡ್ಡಮ್ಮ ಕಣ್ಣಾರೆ ನೋಡಲಿ ನಿನ್ನ ಕೈಚಳಕ. ಅಮ್ಮ ಹೇಗೂ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದಾಳೆ, ಅಲ್ಲಿ ಕ್ಯೂ ಹನುಮಂತನ ಬಾಲ."

ಫೋನು ನಿಲ್ಲಿಸಿ, ಕೆಂಪು ಗುಂಡಿ ಒತ್ತಿ, ನಾದಿನಿ ತನ್ನ ಡ್ಯೂಟಿಗೆ ಓಡಿದಳು. ಸೊಸೆ ಬಾಯಿಗೆ ಮೊಳೆ ತುಂಬಿಕೊಂಡು ಬಟ್ಟೆಯ ಅಂಚನ್ನು ಎಳೆದು ಹಿಡಿದಳು. ಪಟ್ಟೆಯ ಬಟ್ಟೆ. ಪಟ್ಟೆ ನೇರವಾಗಿ ಕೂರಬೇಕಾದರೆ ಅಂಚು ಮುಗಿಯುವವರೆಗೆ ಎಡಗೈ ಸಡಿಲಬಾರದು. ಸಡಿಲಿದರೆ ಸೋಫಾ ಜೀವಮಾನವಿಡೀ ಸೊಟ್ಟ ನಗು ನಗುತ್ತದೆ. ಟಕ್, ಟಕ್. ಫೋನಿನ ಪರದೆಯ ಮೇಲೆ ಹೃದಯಗಳು ಗುಳ್ಳೆಗಳಂತೆ ಏಳತೊಡಗಿದವು.

"ಡಾಕ್ಟರ್ ರಜಾ ಹಾಕಿದ್ದಾನೆ ಕಣೇ!" ಎನ್ನುತ್ತ ಅತ್ತೆ ಒಳಗೆ ಬಂದರು.

ಸೊಸೆ ಹುಬ್ಬಿನಿಂದಲೇ ಫೋನಿನ ಕಡೆ ತೋರಿಸಿದಳು. ಎಡಗೈ ಬಿಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ಲೈವ್ ಎಂದರೆ ಜೀವಂತ ಪ್ರಸಾರ ಎಂದು ನಾದಿನಿ ಹೇಳಿದ್ದಳು. ಜೀವ ಹೋಗುವ ಪ್ರಸಾರವೂ ಹೌದು ಎಂದು ಹೇಳಿರಲಿಲ್ಲ.

"ಉಹ್ಞೂಂ!" ಎಂದಳು ಸೊಸೆ.

"ಉಹ್ಞೂಂ ಏನು? ನಿಜವಾಗ್ಲೂ ರಜಾ. ಬೋರ್ಡೇ ಹಾಕಿದ್ದಾನೆ." ಅತ್ತೆ ಸ್ಟೂಲಿನ ಮೇಲೆ ಕುಳಿತರು. ಅವರ ಕಣ್ಣು ತಗಡಿನ ತಟ್ಟೆಯ ಮೇಲೆ ಬಿತ್ತು. "ಇದು ಥಿಯೇಟರ್ ಮ್ಯಾನೇಜರ್ ಸೋಫಾದ್ದಲ್ವಾ? ಅಯ್ಯೋ, ಇಲ್ನೋಡೇ, ಕನ್ನಡಕ! ಡಾಕ್ಟರ್ ಸಿಗದಿದ್ರೇನು, ಕನ್ನಡಕ ಸಿಕ್ತು."

"ಉಹ್ಞೂಂ! ಉಹ್ಞೂಂ!"

"ಹಾಕ್ಕೊಂಡೆ ಅಂತ ಸವೆದುಹೋಗುತ್ತಾ? ಇದೇನೇ ಇದು, ಎರಡು ಕಣ್ಣಿಗೂ ಮಬ್ಬು ಗಾಜು. ನೀನು ಎರಡೆರಡಾಗಿ ಕಾಣ್ತಿದ್ದೀಯ. ಒಬ್ಬ ಸೊಸೆಯೇ ಸಾಕಾಗಿತ್ತು ನಂಗೆ." ಅತ್ತೆ ಕನ್ನಡಕ ತೆಗೆದು ತಿರುಗಿಸಿ ನೋಡಿದರು. "ಇದ್ರ ಮೇಲೆ ಆ ಮಾಲ್ ಸಿನಿಮಾದ ಮುದ್ರೆ ಇದೆ. ತ್ರೀಡಿ ಸಿನಿಮಾ ಕನ್ನಡಕ, ಆಟ ಬಿಟ್ಟ ಮೇಲೆ ವಾಪಸ್ ಕೊಡಬೇಕಾದ್ದು. ಕೊಟ್ಟಿಲ್ಲ ಮಹಾರಾಯ! ಟಿಕೆಟ್ಟುಗಳೂ ಇವೆ. ಒಂದಲ್ಲ, ಎರಡಲ್ಲ. ಎಲ್ಲಾ ಮಾಲ್‌ದೇ. ತನ್ನ ಥಿಯೇಟರಿಗೆ ಬನ್ನಿ ಬನ್ನಿ ಅಂತ ಊರಿಗೆಲ್ಲ ಮೈಕಲ್ಲಿ ಕೂಗಿಸ್ತಾನೆ, ತಾನು ಮಾತ್ರ ಮಾಲ್‌ಗೆ ಹೋಗ್ತಾನೆ. ಹೋಟೆಲ್‌ನೋನು ಪಕ್ಕದ ಹೋಟೆಲಲ್ಲಿ ಊಟ ಮಾಡಿದ ಹಾಗಾಯ್ತು!"

ಸೊಸೆ "ಉಹ್ಞೂಂ" ಎಂದಷ್ಟೂ, ತನ್ನ ಮಾತನ್ನು ಇವಳು ನಂಬುತ್ತಿಲ್ಲವೆಂದುಕೊಂಡು ಅತ್ತೆ ಇನ್ನಷ್ಟು ಪುರಾವೆ ಒದಗಿಸಿದರು. ಟಿಕೆಟ್ಟಿನ ಮೇಲಿದ್ದ ಸಿನಿಮಾ ಹೆಸರುಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದಾಗಿ ಓದಿದರು. ಪರದೆಯ ಮೇಲೆ ಹೃದಯಗಳ ಜಾಗದಲ್ಲಿ ನಗುವ ಮುಖಗಳ ಜಡಿಮಳೆ. ಕೊನೆಗೆ ಸೊಸೆ ಪಟ್ಟೆ ಸೊಟ್ಟಗಾದರೂ ಸರಿ ಎಂದು ಕೈಬಿಟ್ಟು, ಮೊಳೆಗಳನ್ನು ಫಟಫಟನೆ ನೆಲಕ್ಕೆ ಉಗಿದು, "ಅತ್ತೇ, ಲೈವಲ್ಲಿದ್ದೀವಿ!" ಎಂದು ಚೀರಿ, ಕೆಂಪು ಗುಂಡಿ ಅದುಮಿ ಲೈವ್ ನಿಲ್ಲಿಸಿ, ಫೋನನ್ನು ಬಟ್ಟೆಯೊಳಗೆ ಹುದುಗಿಸಿದಳು.

"ನಾವು ಎಲ್ಲಿದ್ದೀವಿ?" ಎಂದರು ಅತ್ತೆ.

ಎಲ್ಲಿದ್ದೇವೆಂದು ಸೊಸೆ ಹೇಳಿದಳು. ಎಷ್ಟು ದಿನದಿಂದ ಇದ್ದೇವೆಂದೂ ಹೇಳಿದಳು. ಅತ್ತೆಯ ಮುಖ ಕೆಂಪಾಯಿತು. ಅವರು ಎದ್ದು ನಿಂತರು. ಸೊಸೆ ತಲೆ ತಗ್ಗಿಸಿದಳು.

"ಇಷ್ಟು ದಿನ ಊರೆಲ್ಲ ನನ್ನ ಮಾತು ಕೇಳಿದೆ. ಮುಖ ಮಾತ್ರ ನಿಂದು ತೋರಿಸಿದ್ದೀರ?"

"ಅತ್ತೇ..."

"ನನ್ನ ಮುಖಕ್ಕೇನಾಗಿತ್ತು? ಹ್ಞಾಂ?"

ಅಷ್ಟರಲ್ಲಿ ಬೀದಿಯಲ್ಲಿ ಸ್ಕೂಟರು ಕಿರುಚಿ ನಿಂತಿತು. ಒಳಗೆ ಬಂದ ಮ್ಯಾನೇಜರರ ಮೀಸೆಯೊಂದೇ ಕಪ್ಪಗಿತ್ತು, ಉಳಿದ ಮುಖವೆಲ್ಲ ಬಿಳಿಚಿತ್ತು.

"ಟಿಕೆಟ್ ಕೌಂಟರಿನ ಹುಡುಗ ನನ್ನ ಮುಖ ನೋಡಿ ನಗ್ತಾನೆ! ಗೇಟ್ ಕಾಯೋನು 'ಸಾರ್, ಮಾಲ್‌ನಲ್ಲಿ ಪಾರ್ಕಿಂಗ್ ಎಷ್ಟು' ಅಂತ ಕೇಳ್ತಾನೆ! ದೊಡ್ಡಮ್ಮನಿಗೆ ಏನು ಹೇಳಲಿ ನಾನು? ಈಗಲೇ ಮತ್ತೆ ಆ ಲೈವ್ ಹಾಕಿ. ಆ ಸಾಮಾನು ಬೇರೆ ಯಾರದೋ ಸೋಫಾದ್ದು, ನಮ್ಮ ಅಂಗಡೀಲಿ ಅದಲು ಬದಲಾಯ್ತು ಅಂತ ಹೇಳಿ. ಹೇಳಿದ್ರೆ ಥಿಯೇಟರ್ ಸೀಟು ನಿಮ್ಮದು, ಇವತ್ತೇ ಮಾತು ಕೊಡ್ತೀನಿ. ಇಲ್ಲ ಅಂದ್ರೆ ಪ್ಲಾಸ್ಟಿಕ್."

ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದೇ ಒಂದು ಸುಳ್ಳು. ಸೀಟುಗಳೆಲ್ಲ ತನ್ನವು, ಷಟರು ಎತ್ತಿದಂತೆಯೇ ಇರುತ್ತದೆ. ಅವಳು ಹ್ಞೂಂ ಎನ್ನಲು ಬಾಯಿ ತೆರೆದಳು. ತಗಡಿನ ತಟ್ಟೆ ಅತ್ತೆಯ ಕೈಯಲ್ಲೇ ಇತ್ತು. ಇಷ್ಟು ವರ್ಷಗಳಲ್ಲಿ ಆ ತಟ್ಟೆಯಿಂದ ಒಬ್ಬರ ಒಂಟಿ ಓಲೆ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ.

"ಆಗಲ್ಲ ಸಾರ್" ಎಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ನಮ್ಮ ಬಾಯಿ ತಪ್ಪಿದೆ. ಅದಕ್ಕೆ ಊರ ಮುಂದೆ ಕೈ ಮುಗೀತೀನಿ. ಆದ್ರೆ ನಮ್ಮ ಕೈ ತಪ್ಪಿಲ್ಲ. ತಪ್ಪಿದೆ ಅಂತ ಹೇಳಲ್ಲ. ಒಬ್ಬರ ವಸ್ತು ಇನ್ನೊಬ್ಬರಿಗೆ ಹೋಗೋ ಅಂಗಡಿ ಅನ್ನಿಸಿಕೊಂಡು ನಿಮ್ಮ ಸೀಟು ಹೊಲಿಯೋದಕ್ಕಿಂತ ಟಯರ್ ಗೋಡೌನೇ ವಾಸಿ."

"ಬಾಯಿ ತಪ್ಪಿದ್ದು ನಂದು" ಎಂದರು ಅತ್ತೆ. "ಕ್ಷಮೆ ಕೇಳೋದಿದ್ರೆ ನಾನೂ ಬರ್ತೀನಿ. ಮುಖ ಕಾಣೋ ಹಾಗೆ."

ಮ್ಯಾನೇಜರ್ ಹಲ್ಲು ಕಡಿದರು. ಕ್ಷಮೆಯಾದರೂ ಸರಿಯಾಗಿ ಕೇಳುತ್ತಾರೋ ಇಲ್ಲವೋ ನೋಡಿಕೊಳ್ಳಲು ತಾವೂ ಜೊತೆಗಿರುವುದೆಂದು ನಿರ್ಧರಿಸಿದರು. ಅತ್ತೆ ತಲೆ ಬಾಚಿಕೊಂಡರು. ಸೊಸೆ ಬಿಟ್ಟುಹೋದ ಅಂಚಿಗೆ ಬೇಗ ಬೇಗ ಮೊಳೆ ಹೊಡೆದಳು; ಪಟ್ಟೆ ಪುಣ್ಯಕ್ಕೆ ಮಿಸುಕಿರಲಿಲ್ಲ. ಕೂರಲು ಬೇರೇನೂ ಇಲ್ಲದ್ದರಿಂದ ಮೂವರೂ ಅದೇ ಸೋಫಾದ ಮೇಲೆ ಕೂತರು, ಮ್ಯಾನೇಜರ್ ನಡುವೆ. ಕೆಂಪು ಗುಂಡಿ ಒತ್ತುವುದೇ ತಡ, ಊರು ಕಾದೇ ಇದ್ದಂತೆ ನುಗ್ಗಿತು.

"ಆತ್ಮೀಯ ವೀಕ್ಷಕರೇ" ಎಂದಳು ಸೊಸೆ, ಅಭ್ಯಾಸಬಲದಿಂದ. "ಗಿರಾಕಿಯ ಮನೆಯ ವಿಷಯ ನಾವು ಆಡಬಾರದಿತ್ತು. ಆಡಿದ್ದೇವೆ. ತಪ್ಪಾಯಿತು. ಸಾರ್, ಹೊಟ್ಟೆಗೆ ಹಾಕಿಕೊಳ್ಳಿ."

ಅಷ್ಟಕ್ಕೇ ಮುಗಿಸಬೇಕೆಂದು ಒಪ್ಪಂದವಾಗಿತ್ತು. ಆದರೆ ಅತ್ತೆಯ ಜೊತೆ ಒಪ್ಪಂದ ಯಾರು ಮಾಡಿಕೊಂಡಿದ್ದರು?

"ತಪ್ಪಾಯ್ತಪ್ಪ" ಎಂದು ಅವರೂ ಕೈ ಮುಗಿದು, ಮ್ಯಾನೇಜರರ ಕಡೆ ಹೊರಳಿದರು. "ಅದಿರಲಿ, ಆ ಸಿನಿಮಾ ಹೇಗಿತ್ತು?"

ಮ್ಯಾನೇಜರ್ ಬಾಯಿ ಬಿಗಿ ಹಿಡಿಯಲು ನೋಡಿದರು. ಆದರೆ ಅವರು ಕೂತದ್ದು ಹೊಸ ಸ್ಪ್ರಿಂಗಿನ ಮೇಲೆ, ಹೊಸ ನಾರಿನ ಮೇಲೆ, ಅತ್ತೆಯೇ ಹಿಂಜಿದ ಹತ್ತಿಯ ಮೇಲೆ. ಬೆನ್ನು ತಾನಾಗಿ ಹಿಂದಕ್ಕೆ ಒರಗಿತು. ಬೆನ್ನು ಸಡಿಲಾದ ಮೇಲೆ ನಾಲಿಗೆ ಎಷ್ಟು ಹೊತ್ತು ಬಿಗಿಯಾಗಿದ್ದೀತು?

"ಸಿನಿಮಾ ಯಾರಮ್ಮ ನೋಡಿದ್ರು!" ಎಂದು ಸ್ಫೋಟಿಸಿದರು. "ನಾನು ಹೋಗ್ತಿದ್ದದ್ದು ಕೂರೋಕೆ! ನಮ್ಮ ಥಿಯೇಟರಲ್ಲಿ ಇಂಟರ್ವಲ್‌ವರೆಗೆ ಕೂತ್ರೆ ಸೊಂಟ ಕಳಚಿ ಕೈಗೆ ಬರುತ್ತೆ. ಮನೆಗೆ ಹೋದ್ರೆ ಈ ಸೋಫಾ, ಇದೂ ಹಳ್ಳ ಬಿದ್ದಿತ್ತು. ಮಾಲ್‌ನಲ್ಲಿ ಮೆತ್ತಗೆ ಕೂತು ನಿದ್ದೆ ಮಾಡಿ ಬರ್ತಿದ್ದೆ. ಒಂದು ಸಿನಿಮಾದ ಕತೇನೂ ಗೊತ್ತಿಲ್ಲ ನಂಗೆ, ದೇವರಾಣೆ! ಆ ಕನ್ನಡಕ ಹಾಕ್ಕೊಂಡೇ ಮಲಗ್ತಿದ್ದೆ, ಬೆಳಕು ಕಣ್ಣಿಗೆ ಹೊಡೀದಿರಲಿ ಅಂತ."

ಪರದೆ ನಗುವಿನಿಂದ ತುಂಬಿ ತುಳುಕಿತು. ಅದರ ನಡುವೆ ಮ್ಯಾನೇಜರರ ಜೇಬಿನಲ್ಲಿ ಫೋನು ಮೊಳಗಿತು. ಹೆಸರು ನೋಡಿ ಅವರು ನೆಟ್ಟಗಾದರು. ಗಡಿಬಿಡಿಯಲ್ಲಿ ಬೆರಳು ಸ್ಪೀಕರ್ ಗುಂಡಿ ಅದುಮಿತೋ ಏನೋ, ದೊಡ್ಡಮ್ಮನ ದನಿ ಅಂಗಡಿ ತುಂಬ, ಅಂಗಡಿಯಿಂದ ಊರು ತುಂಬ ಕೇಳಿಸಿತು.

"ಏನಯ್ಯಾ, ನಿನ್ನ ಬೆನ್ನಿಗೆ ಮೆತ್ತನೆ ಸೀಟು, ನಮ್ಮ ಪ್ರೇಕ್ಷಕರ ಬೆನ್ನಿಗೆ ಪ್ಲಾಸ್ಟಿಕ್ಕಾ?"

"ಅಲ್ಲ, ದೊಡ್ಡಮ್ಮ, ಅದು ತೊಳೆಯೋಕೆ..."

"ಜನ ಏನು ಪಾತ್ರೆಯೇನಯ್ಯಾ ತೊಳೆಯೋಕೆ? ಈಗ ಕೂತಿದ್ದೀಯಲ್ಲ, ಅದು ಹೇಗಿದೆ ಹೇಳು. ಸುಳ್ಳು ಹೇಳಬೇಡ, ಮುಖ ಕಾಣ್ತಿದೆ."

ಮ್ಯಾನೇಜರ್ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕುಳಿತಲ್ಲೇ ಒಮ್ಮೆ ಮೇಲೆದ್ದು ಕೆಳಗಾದರು. "ಏಳೋಕೆ ಮನಸ್ಸು ಬರ್ತಿಲ್ಲ, ದೊಡ್ಡಮ್ಮ" ಎಂದರು ಸಣ್ಣ ದನಿಯಲ್ಲಿ.

"ಹಾಗಾದ್ರೆ ಏಳಬೇಡ. ಅಲ್ಲೇ ಕೂತು ಆ ಹುಡುಗಿ ಜೊತೆ ಮಾತು ಮುಗಿಸಿ ಬಾ. ಎಲ್ಲಾ ಸೀಟೂ. ಬಾಲ್ಕನೀದೂ ಸೇರಿ."

ಸೊಸೆ ಅತ್ತೆಯನ್ನು ಅಪ್ಪಿಕೊಂಡಳು. ನಡುವೆ ಮ್ಯಾನೇಜರ್ ಇದ್ದದ್ದು ಆಮೇಲೆ ನೆನಪಾಯಿತು.

ಮುಂದಿನ ವಾರ ಲಾರಿಯಲ್ಲಿ ಬಂದ ಸೀಟುಗಳು ಅಂಗಡಿಯೊಳಗೆ ಎಲ್ಲಿ ಹಿಡಿದಾವು? ಸಾಲು ಸಾಲಾಗಿ ಬೀದಿಯಲ್ಲೇ ಇಳಿಸಿದರು, ಮುಖ ಅಂಗಡಿಯ ಕಡೆಗೆ. ಸಾಲಾಗಿ ಸೀಟು ಕಂಡರೆ ಮನುಷ್ಯ ಸುಮ್ಮನಿರುತ್ತಾನೆಯೇ? ದಾರಿಯಲ್ಲಿ ಹೋಗುತ್ತಿದ್ದ ಔಷಧಿ ಅಂಗಡಿಯವನು ಒಂದರಲ್ಲಿ ಕೂತ. ಕೂತವನನ್ನು ನೋಡಿ ಹಾಲಿನವಳು ಕೂತಳು. ಊಟದ ಹೊತ್ತಿಗೆ ಮುಂದಿನ ಸಾಲು ಭರ್ತಿ. ಸಂಜೆ ಗಂಡ ಬಸ್ಸನ್ನು ಡಿಪೋಕ್ಕೆ ಸೇರಿಸಿ ಬಂದಾಗ ಜಾಗವಿಲ್ಲದೆ, ತನ್ನದೇ ಅಂಗಡಿಯೆದುರು, "ಸ್ವಲ್ಪ ಸರೀರಿ" ಎಂದು ಬೇಡಬೇಕಾಯಿತು. ನಾದಿನಿ ಫೋನು ಸ್ಟ್ಯಾಂಡಿಗೆ ಸಿಕ್ಕಿಸಿ ಚೌಕಟ್ಟು ಸರಿಪಡಿಸುತ್ತಿದ್ದಳು. ಈ ಸಲ ಇಬ್ಬರ ಮುಖವೂ ಬರಬೇಕೆಂದು ಕಟ್ಟಪ್ಪಣೆಯಾಗಿತ್ತು.

ಸೊಸೆ ಮೊದಲ ಸೀಟಿನ ಬಟ್ಟೆ ಎಳೆದು ಹಿಡಿದಳು. ಟಕ್. ಬೀದಿ ನಿಶ್ಶಬ್ದವಾಯಿತು. ಅತ್ತೆ ಸ್ಟೂಲನ್ನು ಬಾಗಿಲ ನಡುವಿಗೆ ಎಳೆದುಕೊಂಡು ಕೂತು, ಆ ಸೀಟಿನಿಂದ ಕಿತ್ತ ಬಟ್ಟೆಯ ಹರಿದ ಅಂಚನ್ನು ಬೆರಳಿನಿಂದ ಸವರಿ, ಗಂಟಲು ಸರಿಮಾಡಿಕೊಂಡು, ಕುತ್ತಿಗೆ ಎತ್ತಿ ಕೇಳಿದರು:

"ಹಿಂದಿನ ಸಾಲಿನವರಿಗೆ ಕೇಳಿಸ್ತಿದೆಯಾ?"